ಮನೇಲೇ ನಡೆಯೋ ಸಣ್ಣ ಕೆಲಸಗಳಿಂದ ಸಿಟಿಗೆ ಏನು ಉಪಯೋಗ? ವಸತಿ ಏರಿಯಾದಿಂದ ಎಬ್ಬಿಸಿದ್ರೆ ತಪ್ಪೇನು?

ಲೈಸೆನ್ಸ್ ಇಲ್ದೆ ಮನೇಲಿ ಹೊಲಿಗೆ, ಪ್ಯಾಕಿಂಗ್ ಅಂತ ಮಾಡೋರು ಟ್ಯಾಕ್ಸೂ ಕಟ್ಟಲ್ಲ, ಸಿಟಿಗೆ ಅವರಿಂದ ಉಪಯೋಗಾನೂ ಇಲ್ಲ, ಇಂಡಸ್ಟ್ರಿಯಲ್ ಏರಿಯಾಗೆ ಕಳಿಸ್ಬೇಕು ಅಂತ ಕೇಳಿದೀರಲ್ಲ, ನಾನು ಪೀಸ್ ಲೆಕ್ಕದಲ್ಲಿ ಬಟ್ಟೆ ಹೊಲಿಯೋ ಹೆಂಗಸರ ಜೊತೆ ತುಂಬಾ ವರ್ಷದಿಂದ ಓಡಾಡ್ತಾ ಇರೋಳು, ಹಾಗಾಗಿ ಸ್ವಲ್ಪ ಉದ್ದವಾಗೇ ಬರೀತೀನಿ.

ಮೊದಲನೇದಾಗಿ, ಇದು ಸಣ್ಣ ಸಂಖ್ಯೆ ಅಲ್ಲ. ಐಎಲ್‌ಒ (ವಿಶ್ವಸಂಸ್ಥೆಯ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ) ಅಂದಾಜಿನ ಪ್ರಕಾರ 2019ರಲ್ಲಿ ಪ್ರಪಂಚದಲ್ಲಿ ಸುಮಾರು 26 ಕೋಟಿ ಜನ ಮನೇಲೇ ಕೂತು ದುಡೀತಿದ್ರು, ಅಂದ್ರೆ ಒಟ್ಟು ಉದ್ಯೋಗದಲ್ಲಿ ಶೇ. 7.9, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಹೆಂಗಸರು. ಇವರಲ್ಲಿ ಕೆಲವರು ಸ್ವಂತ ಗಿರಾಕಿ ಇಟ್ಕೊಂಡು ರೇಟು ತಾವೇ ಹೇಳ್ತಾರೆ. ಇನ್ನು ಕೆಲವರು ಬೇರೆಯವರ ಮಾಲನ್ನ ಪೀಸಿಗೆ ಇಷ್ಟು ಅಂತ ಮಾಡಿ ಕೊಡೋರು. ಹೊರಗಿಂದ ನೋಡಿದ್ರೆ ಎರಡೂ ಒಂದೇ ಥರ ಕಾಣುತ್ತೆ, ಆದ್ರೆ ಎರಡನೇ ಥರದವರು ನಿಜವಾಗ್ಲೂ ಒಂದು ಫ್ಯಾಕ್ಟರಿಯ ಭಾಗ, ಆ ಫ್ಯಾಕ್ಟರಿ ಅವರ ಹೆಸರನ್ನ ಎಲ್ಲೂ ಬರ್ಕೊಂಡಿಲ್ಲ ಅಷ್ಟೇ.

ಒಂದು ಲಾಟ್ ಹೇಗೆ ನಡೆಯುತ್ತೆ ಅಂತ ಹೇಳ್ತೀನಿ. ಕಾಂಟ್ರಾಕ್ಟರ್ ಕಡೆಯವನು ಸಂಜೆ ಕಟ್ ಪೀಸ್ ಬಂಡಲ್ ತಂದು ಹಾಕ್ತಾನೆ, ಎರಡು ದಿನದಲ್ಲಿ ಬೇಕು ಅಂತಾನೆ. ಮನೇಲಿ ಇರೋದು ಒಂದೇ ರೂಮಾದ್ರೆ ಮಂಚದ ಮೇಲೆ ಕಾಲರ್ರು, ನೆಲದ ಮೇಲೆ ತೋಳು, ಮಷಿನ್ ಕಿಟಕಿ ಪಕ್ಕ ಯಾಕಂದ್ರೆ ಬೆಳಕು ಅಲ್ಲೇ ಬರೋದು. ಮಷಿನ್ ಅವಳದ್ದು, ಸೂಜಿ ಮುರಿದ್ರೆ ಅವಳದ್ದು, ಎಣ್ಣೆ, ರಿಪೇರಿ, ಕರೆಂಟ್ ಬಿಲ್ಲು ಎಲ್ಲಾ ಅವಳದ್ದೇ, ಎಷ್ಟೋ ಕಡೆ ದಾರಾನೂ ಅವಳೇ ತರ್ಬೇಕು. ವಾಪಸ್ ಕೊಡುವಾಗ ನಾಲ್ಕು ಪೀಸ್ ಡ್ಯಾಮೇಜ್ ಅಂತ ಪಕ್ಕಕ್ಕೆ ಎತ್ತಿಟ್ರೆ ಆ ಕೂಲಿ ಹೋಯ್ತು, ಬಾಕಿ ದುಡ್ಡು ಮುಂದಿನ ಲಾಟ್ ಜೊತೆ ಅಂತಾರೆ, ಮುಂದಿನ ಲಾಟ್ ಯಾವಾಗ ಅಂತ ಕೇಳಿದ್ರೆ ಉತ್ತರ ಇಲ್ಲ. ಶೆಡ್ ಬಾಡಿಗೆ, ಕರೆಂಟು, ಮಷಿನ್ನು, ಕೆಲಸ ಇಲ್ಲದ ದಿನದ ಸಂಬಳ, ಇಷ್ಟೂ ಖರ್ಚು ಕಂಪನಿಗೆ ಉಳೀತು. ಅಂಗಡೀಲಿ ನಮಗೆ ಬಟ್ಟೆ ಆ ರೇಟಿಗೆ ಸಿಗೋದ್ರಲ್ಲಿ ಇವರ ಕರೆಂಟ್ ಬಿಲ್ಲೂ ಸೇರಿದೆ. ಸಿಟಿಗೆ ಏನು ಉಪಯೋಗ ಅಂತ ಕೇಳಿದ್ರಲ್ಲ, ಇದು.

ಟ್ಯಾಕ್ಸ್ ವಿಷಯ ಬೇಗ ಮುಗಿಸ್ತೀನಿ. ದಾರ, ಸೂಜಿ, ಮಷಿನ್ ಪಾರ್ಟ್ಸ್ ಕೊಳ್ಳುವಾಗ ಅದರ ಮೇಲಿನ ತೆರಿಗೆ ಕೊಟ್ಟೇ ತರ್ತಾರೆ, ಆದಾಯ ತೆರಿಗೆ ಕಟ್ಟೋವಷ್ಟು ಇವರಲ್ಲಿ ಹೆಚ್ಚಿನವರಿಗೆ ಬರೋದೇ ಇಲ್ಲ.

ಇಂಡಸ್ಟ್ರಿಯಲ್ ಏರಿಯಾಗೆ ಕಳಿಸೋದು ಅಂದ್ರೆ ಬಹಳ ಜನಕ್ಕೆ ಕೆಲಸಾನೇ ನಿಲ್ಲಿಸಿದ ಹಾಗೆ. ಮನೇಲಿ ಮಗು ಇದೆ, ಹಾಸಿಗೆ ಹಿಡಿದ ಅತ್ತೆ ಇದಾರೆ, ಅದಕ್ಕೇ ಮನೇಲಿ ಮಾಡ್ತಿರೋದು, ಇನ್ನೊಂದು ಬಾಡಿಗೆ ಕಟ್ಟಿ ಬಸ್ ಹಿಡಿದು ಹೋದ್ರೆ ಕೈಗೆ ಏನೂ ಉಳಿಯಲ್ಲ. ಸ್ಲಂ ಎಬ್ಬಿಸಿ ಊರಾಚೆ ಫ್ಲಾಟ್ ಕೊಟ್ಟಾಗಲೂ ಇದೇ ಕಥೆ, ಮನೆ ಪಕ್ಕಾ ಆಗುತ್ತೆ, ಆದ್ರೆ ಅಷ್ಟು ದೂರಕ್ಕೆ ಬಂಡಲ್ ತರೋಕೆ ಯಾರೂ ಬರಲ್ಲ. ಪ್ಲಾನ್ ಮಾಡೋರು ಹಳೇ ಮನೇನ ಬರೀ ಮಲಗೋ ಜಾಗ ಅಂತ ಲೆಕ್ಕ ಹಾಕಿರ್ತಾರೆ, ಅಲ್ಲಿ ದುಡಿಮೆ ಇತ್ತು ಅಂತ ಯಾರೂ ಬರ್ಕೊಂಡಿರಲ್ಲ, ನನಗೆ ಅತೀ ಸಿಟ್ಟು ಬರೋದು ಇದಕ್ಕೇ.

ಹಾಗಂತ ಏನು ಬೇಕಾದ್ರೂ ಮನೇಲಿ ಮಾಡ್ಲಿ ಅಂತ ನಾನು ಹೇಳ್ತಿಲ್ಲ. ಮಕ್ಕಳು ಮಲಗೋ ರೂಮಲ್ಲೇ ಸಾಲ್ವೆಂಟ್ ಗಮ್ ಹಚ್ಚೋದು, ಪಟಾಕಿ ಮದ್ದು ತುಂಬೋದು ಇಂಥವನ್ನ ಖಂಡಿತ ನಿಲ್ಲಿಸ್ಬೇಕು. ರಾತ್ರಿ ಸದ್ದು ತೊಂದರೆ ಆದ್ರೆ ಟೈಮಿಂಗ್ ಇಡಿ. ಅಪಾಯ ನೋಡಿ ರೂಲ್ಸ್ ಮಾಡಿ, ಹೊಲಿಗೆ ಮಷಿನ್ನಿಗೂ ಪಟಾಕಿಗೂ ಒಂದೇ ನೋಟಿಸ್ ಕೊಟ್ರೆ ಹೇಗೆ?

1972ರಲ್ಲಿ ಇಳಾ ಭಟ್ ಅಹಮದಾಬಾದಿನಲ್ಲಿ ಶುರು ಮಾಡಿದ ‘ಸೇವಾ’ (SEWA) ಅನ್ನೋ ದುಡಿಯೋ ಹೆಂಗಸರ ಸಂಘಟನೆ ಇಂಥವರನ್ನ ಕಾರ್ಮಿಕರು ಅಂತ ಒಪ್ಕೊಳ್ಳಿ ಅಂತ ವರ್ಷಗಟ್ಟಲೆ ಹೋರಾಡ್ತು, 1996ರಲ್ಲಿ ಐಎಲ್‌ಒ ಹೀಗೆ ಮನೇಲಿ ದುಡಿಯೋರ ಬಗ್ಗೆನೇ 177ನೇ ಒಪ್ಪಂದ ತಂತು. ಅದನ್ನ ಅಂಗೀಕರಿಸಿದ ದೇಶಗಳು ಕಮ್ಮಿ, ಭಾರತ ಅದರಲ್ಲಿಲ್ಲ. ಅದರ ಜೊತೆಗೆ ಬಂದ ಶಿಫಾರಸಲ್ಲಿ ಕೆಲಸ ಕೊಡೋರು ಇವರ ಹೆಸರು ರಿಜಿಸ್ಟರಲ್ಲಿ ಬರೆದಿಡ್ಬೇಕು, ಕರೆಂಟು, ನೀರು, ಮಷಿನ್ ರಿಪೇರಿ ಖರ್ಚನ್ನ ಕೊಡ್ಬೇಕು, ರಿಪೇರಿಗೆ ಹೋದ ಟೈಮಿಗೂ ದುಡ್ಡು ಕೊಡ್ಬೇಕು ಅಂತಾನೇ ಇದೆ. ನಿಮಗೆ ಲೆಕ್ಕ ಇಲ್ಲದ ಉದ್ಯೋಗ ಬೇಡ ಅನ್ನಿಸಿದ್ರೆ ಆ ರಿಜಿಸ್ಟರ್ ಮೊದಲು ಬರ್ಲಿ ಅಂತ ಕೇಳಿ, ನಾನೂ ನಿಮ್ಮ ಜೊತೆ ಸೇರ್ಕೋತೀನಿ.