ಅತ್ತೆಯನ್ನು ಟಾಕೀಸಿಗೆ ಕರೆದುಕೊಂಡು ಹೋಗಲಾ?

ಇದು 2021ರ, ಕೊರೊನಾ ಕಾಲದ ಮಾತು. ತೀರ್ಥಹಳ್ಳಿ ತಾಲ್ಲೂಕಿನ ಓದುಗರೊಬ್ಬರು ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ. ಪತ್ರದ ಮುಖ್ಯ ಭಾಗ ಇದು:

"ಅಕ್ಟೋಬರ್ 1ರಿಂದ ಟಾಕೀಸುಗಳಲ್ಲಿ ಎಲ್ಲ ಸೀಟೂ ತುಂಬಿಸಬಹುದು ಅಂತ ಪೇಪರಿನಲ್ಲಿ ಬಂತು. ಅದನ್ನು ಓದಿದಾಗಿನಿಂದ ನಮ್ಮ ಅತ್ತೆ ಬಿಡುತ್ತಿಲ್ಲ. ದಸರಾಕ್ಕೆ ಶಿವಮೊಗ್ಗಕ್ಕೆ ಹೋಗೋಣ, ಒಂದು ಸಿನಿಮಾ ತೋರಿಸು ಅಂತಾರೆ. ಅವರಿಗೆ 68 ವರ್ಷ. ಲಸಿಕೆ ಎರಡೂ ಡೋಸ್ ಆಗಿದೆ, ಸ್ವಲ್ಪ ಶುಗರ್ ಇದೆ. ನನಗೂ ಎರಡು ಡೋಸ್ ಆಗಿದೆ. ಡಿಗ್ರಿ ಓದುವ ಮಗ ಮಾತ್ರ ನಗುತ್ತಾನೆ. ಒಂದು ತಿಂಗಳು ಕಾದರೆ ಮೊಬೈಲಿಗೇ ಬರುತ್ತೆ, ಬಸ್ ಚಾರ್ಜ್ ಯಾಕೆ ದಂಡ ಅಂತಾನೆ. ನಾವು ಹೋಗಬಹುದಾ? ಇನ್ನೊಂದು ಪ್ರಶ್ನೆ. ಹತ್ತು ವರ್ಷ ಬಿಟ್ಟು ನಮ್ಮ ಕಡೆ ಟಾಕೀಸು ಅಂತ ಇರುತ್ತಾ?"

ಸಂಪಾದಕರ ಉತ್ತರ:

ನಿಮ್ಮ ಪತ್ರ ಮೂರು ದಿನ ನನ್ನ ಮೇಜಿನ ಮೇಲೇ ಇತ್ತು. ಕಾರಣ ಹೇಳುತ್ತೇನೆ. ನಮ್ಮ ಪತ್ರಿಕೆಯ ಕರಡು ತಿದ್ದುತ್ತಿದ್ದ ಹಿರಿಯರೊಬ್ಬರು ಈ ಮೇ ತಿಂಗಳಲ್ಲಿ ಕೊರೊನಾದಿಂದ ತೀರಿಕೊಂಡರು. ಹೊಸ ಸಿನಿಮಾ ಬಂದ ಶುಕ್ರವಾರ ಮ್ಯಾಟ್ನಿ ಹೊತ್ತಿಗೆ ಅವರು ಆಫೀಸಿನಲ್ಲಿ ಇರುತ್ತಿರಲಿಲ್ಲ. ಎಲ್ಲಿಗೆ ಹೋಗಿದ್ದಾರೆ ಅಂತ ನಮಗೆಲ್ಲ ಗೊತ್ತಿತ್ತು, ಯಾರೂ ಕೇಳುತ್ತಿರಲಿಲ್ಲ. ಅವರ ಖಾಲಿ ಕುರ್ಚಿ ಎದುರಿಗಿಟ್ಟುಕೊಂಡು "ಏನೂ ಆಗಲ್ಲ, ಹೋಗಿ ಬನ್ನಿ" ಅಂತ ಸುಮ್ನೆ ಬರೆದುಬಿಡುವುದು ನನ್ನಿಂದ ಆಗಲಿಲ್ಲ. ಯೋಚಿಸಿ ಬರೆಯುತ್ತಿದ್ದೇನೆ. ಹೋಗಬಹುದು. ಆದರೆ ದಸರಾಕ್ಕೆ ಬೇಡ.

ಈ ಕಾಯಿಲೆ ಹೇಗೆ ಹರಡುತ್ತದೆ ಅಂತ ಮೊದಲ ವರ್ಷ ನಮಗೆ ಸರಿಯಾಗಿ ತಿಳಿದಿರಲಿಲ್ಲ. ತರಕಾರಿ ತೊಳೆದೆವು, ಬಾಗಿಲ ಚಿಲಕ ಒರೆಸಿದೆವು, ಕೆಲವರು ಪೇಪರಿಗೆ ಇಸ್ತ್ರಿ ಹಾಕಿದರು. ಈಗ ಗೊತ್ತಾಗಿದೆ, ಅದು ಜಾಸ್ತಿ ಬರುವುದು ಗಾಳಿಯಲ್ಲಿ. ಅತ್ತೆಗೆ ಇದನ್ನು ಹೇಳುವುದು ಸುಲಭ. ಹಿಂದೆ ಟಾಕೀಸಿನಲ್ಲಿ ಯಾರಾದರೂ ಬೀಡಿ ಹಚ್ಚಿದರೆ ಪ್ರೊಜೆಕ್ಟರಿನ ಬೆಳಕಿನ ಕೋಲಿನಲ್ಲಿ ಹೊಗೆ ಸುರುಳಿ ಸುತ್ತಿ ನಿಲ್ಲುತ್ತಿತ್ತು. ಬೀಡಿ ಆರಿದ ಮೇಲೂ ಹೊಗೆ ಅಲ್ಲೇ. ಅವರು ಅದನ್ನು ನೋಡಿರುತ್ತಾರೆ. ಕಾಯಿಲೆ ಇರುವವರ ಉಸಿರೂ ಮುಚ್ಚಿದ ಕೋಣೆಯಲ್ಲಿ ಹಾಗೇ ನಿಲ್ಲುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಅಷ್ಟೇ. ಬಾಗಿಲು ತೆಗೆದರೆ ಹೊಗೆ ಹೋದ ಹಾಗೆ ಇದೂ ಹೋಗುತ್ತದೆ.

ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಯಾವ ಶೋ, ಯಾವ ಸೀಟು ಅನ್ನೋದು ತಾನಾಗಿಯೇ ತಿಳಿಯುತ್ತದೆ. ಎತ್ತರದ ಸೂರಿನ ದೊಡ್ಡ ಹಾಲಿನಲ್ಲಿ ಜನ ಕಡಿಮೆ ಇದ್ದರೆ ಒಬ್ಬೊಬ್ಬರಿಗೂ ಗಾಳಿ ಜಾಸ್ತಿ. ಬಾಯಿ ಮುಚ್ಚಿ ಕೂತು ನೋಡುವವರ ಉಸಿರಿನಲ್ಲಿ ಹನಿಗಳು ಕಡಿಮೆ. ಕೂಗುವಾಗ, ಹಾಡುವಾಗ ಬಹಳ ಹೆಚ್ಚು. ದಸರಾ ಬೇಡ ಅಂದಿದ್ದು ಇದಕ್ಕೇ. ಹಬ್ಬದ ವಾರ ದೊಡ್ಡ ಹೀರೋಗಳ ಸಿನಿಮಾ ಬರುತ್ತಿವೆ. ಹುಡುಗರು ತಿಂಗಳುಗಟ್ಟಲೆ ಕಾದಿದ್ದಾರೆ. ಶಿಳ್ಳೆ ಹೊಡೆಯುತ್ತಾರೆ, ಕುಣಿಯುತ್ತಾರೆ, ಕುಣಿಯಲಿ. ಆ ಶೋನಲ್ಲಿ ಶುಗರ್ ಇರುವ ನಿಮ್ಮ ಅತ್ತೆ ಇರುವುದು ಬೇಡ.

2020ರ ಮಾರ್ಚ್ ಮಧ್ಯದಲ್ಲಿ ನಮ್ಮ ರಾಜ್ಯದ ಟಾಕೀಸುಗಳು ಮುಚ್ಚಿದವು. ಅದೇ ವರ್ಷ ಅಕ್ಟೋಬರ್ 15ರಿಂದ ತೆರೆಯಲು ಬಿಟ್ಟಾಗ ಕೇಂದ್ರ ಸರ್ಕಾರ ಒಂದಷ್ಟು ನಿಯಮ ಹೇಳಿತ್ತು. ಅರ್ಧ ಸೀಟು ಮಾತ್ರ. ಎಸಿ 24ರಿಂದ 30 ಡಿಗ್ರಿ ನಡುವೆ ಇರಲಿ. ಒಳಗಿನ ಗಾಳಿಯನ್ನೇ ತಿರುತಿರುಗಿಸಬೇಡಿ, ಆದಷ್ಟೂ ಹೊರಗಿನ ಗಾಳಿ ತನ್ನಿ. ಒಂದು ವರ್ಷ ಕಳೆದ ಮೇಲೆ ಉಳಿದಿದ್ದು ಹಣೆಗೆ ಹಿಡಿಯುವ ಥರ್ಮಾಮೀಟರ್ ಮತ್ತು ಬಾಗಿಲಲ್ಲಿನ ಸ್ಯಾನಿಟೈಸರ್ ಬಾಟಲಿ. ಗಾಳಿಯ ಮಾತು ಎಲ್ಲರಿಗೂ ಮರೆತುಹೋಯಿತು. ಮುಖ್ಯವಾದದ್ದು ಅದೇ ಆಗಿತ್ತು.

2021ರ ಆಗಸ್ಟಿನಲ್ಲಿ, ಅರ್ಧ ಸೀಟಿನ ಕಾಲದಲ್ಲಿ, ನಾನೂ ಶಿವಮೊಗ್ಗದ ಒಂದು ಟಾಕೀಸಿಗೆ ಹೋಗಿದ್ದೆ. ಕುರ್ಚಿ ಬಿಟ್ಟು ಕುರ್ಚಿಗೆ ಟೇಪು ಸುತ್ತಿದ್ದರು. ಇಡೀ ಹಾಲಿಗೆ ಇಪ್ಪತ್ತು ಜನ ಇದ್ದೆವೇನೋ. ಸಿನಿಮಾ ಸಾಧಾರಣವಾಗಿತ್ತು. ಒಂದು ತಮಾಷೆಯ ದೃಶ್ಯಕ್ಕೆ ಗಾಂಧಿಕ್ಲಾಸಿನಲ್ಲಿ ಕೂತಿದ್ದ ಒಬ್ಬರು ಜೋರಾಗಿ ನಕ್ಕರು. ಅವರ ನಗು ಕೇಳಿ ನಾನೂ ನಕ್ಕೆ, ಹಿಂದಿನವರೂ ನಕ್ಕರು. ಆಗ ಹೊಳೆಯಿತು. ಮನೆಯಲ್ಲಿ ಕೂತು ಎಷ್ಟೋ ಹಾಸ್ಯದ ಸಿನಿಮಾ ನೋಡಿದ್ದೆ, ಒಂದು ಸಲವೂ ಬಾಯಿಬಿಟ್ಟು ನಕ್ಕಿರಲಿಲ್ಲ. ಇಂಟರ್‌ವಲ್ ಆದ ಮೇಲೆ ಮಾತ್ರ ಭಯವಾಯಿತು. ಪಾಪ್‌ಕಾರ್ನ್ ಹಿಡಿದು ಬಂದವರ ಮಾಸ್ಕೆಲ್ಲ ಗಲ್ಲಕ್ಕೆ ಇಳಿದಿತ್ತು, ಸಿನಿಮಾ ಮುಗಿಯುವ ತನಕ ಮೇಲೆ ಏರಲಿಲ್ಲ.

ಕಾಯಿಲೆಯ ಜೊತೆ ಬದುಕುವುದು ಮಲೆನಾಡಿನವರಿಗೆ ಹೊಸದಲ್ಲ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಿದ ಮಂಗನ ಕಾಯಿಲೆ ಇವತ್ತಿಗೂ ಹೋಗಿಲ್ಲ. ಹಾಗಂತ ನಾವು ಕಾಡಿಗೆ ಹೋಗುವುದನ್ನು ಬಿಟ್ಟೆವಾ? ಬಿಟ್ಟರೆ ಕೊಟ್ಟಿಗೆಗೆ ಸೊಪ್ಪು ಎಲ್ಲಿಂದ ಬರಬೇಕು? ಮಂಗ ಸತ್ತಿದೆ ಅಂದರೆ ಆ ಕಡೆ ಹೋಗಲ್ಲ. ಕೈಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತೇವೆ. ಮನೆಗೆ ಬಂದು ಬಿಸಿನೀರು ಹಾಕಿಕೊಂಡು ಆ ಕಾಯಿಲೆ ಹರಡುವ ಉಣುಗು ಇದೆಯಾ ಅಂತ ಮೈಯೆಲ್ಲ ನೋಡಿಕೊಳ್ಳುತ್ತೇವೆ. ಅದು ಮನುಷ್ಯರಿಂದ ಮನುಷ್ಯರಿಗೆ ಬರುವುದಿಲ್ಲ, ಕೊರೊನಾ ಬರುತ್ತದೆ, ಅಷ್ಟು ವ್ಯತ್ಯಾಸ ಇದೆ. ಆದರೆ ಕಾಯಿಲೆ ಎಲ್ಲಿ ಕೂತಿದೆ ಅಂತ ತಿಳಿದುಕೊಂಡು ಹೆಜ್ಜೆ ಇಡುವ ಅಭ್ಯಾಸ ನಮಗಿದೆ. ಅದನ್ನೇ ಟಾಕೀಸಿಗೂ ತರಬೇಕು ಅಂತ ನನ್ನ ಆಸೆ.

ಇನ್ನು ಮಗನ ಮಾತು. ಅವನು ಹೇಳುವುದರಲ್ಲಿ ಸತ್ಯ ಇದೆ. 2020ರ ಜುಲೈನಲ್ಲಿ 'ಲಾ' ಅನ್ನೋ ಕನ್ನಡ ಸಿನಿಮಾ ಟಾಕೀಸಿಗೆ ಬಾರದೆ ನೇರ ಅಮೆಜಾನ್ ಪ್ರೈಮಿಗೆ ಹೋಯಿತು. 2021ರ ಏಪ್ರಿಲ್ 1ಕ್ಕೆ 'ಯುವರತ್ನ' ಬಿಡುಗಡೆ ಆಯಿತು. ಮರುದಿನವೇ ಸರ್ಕಾರ ಕೆಲವು ಜಿಲ್ಲೆಗಳಿಗೆ ಅರ್ಧ ಸೀಟಿನ ಆದೇಶ ಹೊರಡಿಸಿತು. ಏಪ್ರಿಲ್ 9ಕ್ಕೆ ಸಿನಿಮಾ ಮೊಬೈಲಿನಲ್ಲಿತ್ತು. ಒಂದು ತಿಂಗಳೂ ಅಲ್ಲ, ಎಂಟು ದಿನ. ಇಡೀ ಜಗತ್ತಿನಲ್ಲಿ ಟಿಕೆಟ್ ಮಾರಿ ಬಂದ ಹಣ 2019ರಲ್ಲಿ ಸುಮಾರು 4,200 ಕೋಟಿ ಡಾಲರ್ ಇದ್ದದ್ದು 2020ರಲ್ಲಿ ಸುಮಾರು 1,200 ಕೋಟಿಗೆ ಇಳಿಯಿತು. ಇಂಥ ಪೆಟ್ಟು ತಿಂದ ಮೇಲೆ ಮೊದಲಿನ ಹಾಗೇ ಎಲ್ಲ ನಡೆಯುತ್ತದೆ ಅನ್ನುವುದು ಸುಳ್ಳು.

ಆದರೆ ಮೊಬೈಲಿಗೆ ಸಿನಿಮಾ ಬರಬೇಕಾದರೆ ಮೊದಲು ಸಿಗ್ನಲ್ ಬರಬೇಕು ಅಲ್ವಾ? ಆನ್‌ಲೈನ್ ಕ್ಲಾಸಿಗೆ ನಮ್ಮ ಮಕ್ಕಳು ಗುಡ್ಡ ಹತ್ತಿ, ಮಳೆಯಲ್ಲಿ ಕೊಡೆ ಹಿಡಿದು ಕೂತಿದ್ದನ್ನು ನಾವು ಕಣ್ಣಾರೆ ನೋಡಿದ್ದೇವೆ. ಹೊಸನಗರ, ಸಾಗರದ ಕಡೆ ಹಳ್ಳಿಯವರು ನೆಟ್‌ವರ್ಕ್ ಕೊಡದಿದ್ದರೆ ವೋಟ್ ಹಾಕಲ್ಲ ಅಂತ 2021ರಲ್ಲಿ ಅಭಿಯಾನವನ್ನೇ ನಡೆಸಿದರು. ಹೊಸ ಸಿನಿಮಾ ಮನೆಗೇ ಬರುತ್ತದೆ ಅನ್ನುವ ಮಾತು ಬೆಂಗಳೂರಿಗೆ ಸರಿ. ನಮ್ಮಲ್ಲಿ ಒಂಟಿ ಮನೆಗಳೇ ಜಾಸ್ತಿ. ಅಲ್ಲಿ ಅದು ಪೆನ್‌ಡ್ರೈವಿನಲ್ಲಿ ಕದ್ದ ಕಾಪಿಯಾಗಿ ಬರುತ್ತದೆ. ಅದರಿಂದ ಸಿನಿಮಾ ಮಾಡಿದವರಿಗೂ ಕಾಸಿಲ್ಲ, ಟಾಕೀಸಿನವರಿಗೂ ಕಾಸಿಲ್ಲ.

ನಿಮ್ಮ ಎರಡನೇ ಪ್ರಶ್ನೆಯೇ ನನ್ನನ್ನು ಜಾಸ್ತಿ ಕಾಡಿದ್ದು. ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ನಮ್ಮ ಕಡೆ ಟಾಕೀಸುಗಳು ಸೊರಗಲು ಶುರುವಾಗಿದ್ದು ಕೊರೊನಾದಿಂದಲ್ಲ, ಮೊಬೈಲಿನಿಂದಲೂ ಅಲ್ಲ. ಹೆಂಗಸರು ಬರುವುದನ್ನು ಬಿಟ್ಟಾಗಿನಿಂದ.

ನಾನು ಚಿಕ್ಕವನಿದ್ದಾಗ ಅಡಿಕೆ ಸುಗ್ಗಿ ಮುಗಿದರೆ ಟೂರಿಂಗ್ ಟಾಕೀಸು ಬಂದು ಟೆಂಟ್ ಹಾಕುತ್ತಿತ್ತು. ಮಳೆ ಹಿಡಿಯುವ ತನಕ ಇರುತ್ತಿತ್ತು. ಸಂಜೆ ದೇವರ ಹಾಡು ಹಾಕಿದರೆ ಗುಡ್ಡದಾಚೆಗೂ ಕೇಳುತ್ತಿತ್ತು. ಅಮ್ಮ, ದೊಡ್ಡಮ್ಮ, ಪಕ್ಕದ ಮನೆಯವರು ಲಾಟೀನು ಹಿಡಿದು ಹೊರಡುತ್ತಿದ್ದರು. ಹೆಂಗಸರಿಗೆ ಬೇರೆ ಜಾಗ. ಆಮೇಲೆ ಶಿವಮೊಗ್ಗದ ಟಾಕೀಸುಗಳು. ಆಸ್ಪತ್ರೆ ಕೆಲಸವೋ ಸೀರೆ ಖರೀದಿಯೋ ಏನಾದರೂ ನೆಪ, ಕೊನೆಗೆ ಮ್ಯಾಟ್ನಿ. ಬಿಟ್ಟ ಮೇಲೆ ಖಾರ ಮಂಡಕ್ಕಿ ಕಟ್ಟಿಸಿಕೊಂಡು ಬಸ್ಸು. ಅಮ್ಮ ವರ್ಷದಲ್ಲಿ ತನಗೋಸ್ಕರ ಅಂತ ಮನೆ ಬಿಟ್ಟು ಹೋಗುತ್ತಿದ್ದದ್ದು ಆ ಮೂರೋ ನಾಲ್ಕೋ ದಿನ. ನಿಮ್ಮ ಅತ್ತೆ ಈಗ ಕೇಳುತ್ತಿರುವುದೂ ಅದನ್ನೇ ಇರಬೇಕು. ಸಿನಿಮಾ ಯಾವುದು ಅಂತ ಅವರು ಹೇಳಿದ ಹಾಗೆ ನಿಮ್ಮ ಪತ್ರದಲ್ಲಿ ಇಲ್ಲ.

ಹೆಂಗಸರು ಬರುವುದನ್ನು ಯಾಕೆ ಬಿಟ್ಟರು? ಸಂಜೆಗೆ ಟಿವಿ ಧಾರಾವಾಹಿ ಬಂತು, ನಿಜ. ಆದರೆ ಟಾಕೀಸಿನವರೂ ಅವರನ್ನು ಉಳಿಸಿಕೊಳ್ಳಲಿಲ್ಲ. ಚಿಲಕ ಇಲ್ಲದ ಶೌಚಾಲಯ, ನೀರು ಬಾರದ ನಲ್ಲಿ, ಸೀಟಿನಲ್ಲಿ ತಿಗಣೆ. ಮೂರು ಗಂಟೆ ತಡೆದುಕೊಂಡು ಕೂತು, ಮತ್ತೆ ಎರಡು ಗಂಟೆ ಬಸ್ಸಿನಲ್ಲಿ ಬರುವ ಹೆಂಗಸಿನ ಕಷ್ಟ ಯಾವ ಮಾಲೀಕರ ಲೆಕ್ಕಕ್ಕೂ ಬರಲಿಲ್ಲ. ಇದನ್ನು ಸಿಟ್ಟಿನಿಂದಲೇ ಬರೆಯುತ್ತಿದ್ದೇನೆ. ಸಿನಿಮಾ ಬಗ್ಗೆ ಎಷ್ಟು ಚರ್ಚೆ ಮಾಡಿದ್ದೇವೆ, ಇದರ ಬಗ್ಗೆ ಎಷ್ಟು ಕಡಿಮೆ ಬರೆದಿದ್ದೇವೆ! ನಮ್ಮ ಪತ್ರಿಕೆಯೂ ಬರೆಯಲಿಲ್ಲ.

ಮಾಲೀಕರ ಕಷ್ಟವೂ ಸುಳ್ಳಲ್ಲ. ಹಿಂದೆ ರೀಲಿನ ಡಬ್ಬಿ ಬಸ್ಸಿನಲ್ಲಿ ಬರುತ್ತಿತ್ತು, ದೊಡ್ಡ ಊರಲ್ಲಿ ಓಡಿ ಸವೆದ ಮೇಲೆ ತಾಲ್ಲೂಕಿಗೆ. ಡಿಜಿಟಲ್ ಬಂದು ಸಣ್ಣ ಊರಿಗೂ ಮೊದಲ ಶುಕ್ರವಾರವೇ ಸಿನಿಮಾ ಸಿಗುವ ಹಾಗಾಯಿತು. ಅದರ ಜೊತೆ ಹೊಸ ಖರ್ಚುಗಳೂ ಬಂದವು. ಬಾಗಿಲು ಮುಚ್ಚಿದ್ದಾಗಲೂ ಕರೆಂಟಿನ ಮಿನಿಮಮ್ ಚಾರ್ಜು, ಕಂದಾಯ, ಕಾವಲಿನವರ ಸಂಬಳ ನಿಲ್ಲಲಿಲ್ಲ. ಏಳುನೂರು ಸೀಟಿನ ಹಾಲಿಗೆ ಮೂವತ್ತು ಜನ ಬಂದರೆ ಯಾರು ನಡೆಸುತ್ತಾರೆ? ಕಲ್ಯಾಣ ಮಂಟಪ ಮಾಡಿದರೆ ಒಂದು ಮದುವೆಯಲ್ಲಿ ತಿಂಗಳ ದುಡ್ಡು.

ಬಸ್ಸಿನ ಕಥೆಯೂ ಇದರೊಳಗೇ ಬರುತ್ತದೆ. ಕೊಪ್ಪದಲ್ಲಿ ಕೆಲಸಗಾರರೇ ಸೇರಿ 1991ರಲ್ಲಿ ಕಟ್ಟಿದ ಸಹಕಾರ ಸಾರಿಗೆ 2020ರ ಫೆಬ್ರುವರಿಯಲ್ಲಿ ನಿಂತುಹೋಯಿತು. ಕೊರೊನಾ ನಮ್ಮಲ್ಲಿಗೆ ಬರುವ ಮೊದಲೇ. ಊರಿಗೆ ವಾಪಸ್ ಬರುವ ಬಸ್ಸು ಇಲ್ಲದಿದ್ದರೆ ಮ್ಯಾಟ್ನಿಯೂ ಇಲ್ಲ. ಮಲೆನಾಡಿನ ಟಾಕೀಸಿನ ಭವಿಷ್ಯ ಕೇಳಿದರೆ ನಾನು ಮೊದಲು ನೋಡುವುದು ಬಸ್ ಸ್ಟ್ಯಾಂಡಿನ ಬೋರ್ಡನ್ನು.

1918ರ ಇನ್‌ಫ್ಲುಯೆಂಜಾ ಕಾಲದಲ್ಲಿ ಅಮೆರಿಕದ ಎಷ್ಟೋ ನಗರಗಳಲ್ಲಿ ಸಿನಿಮಾ ಮಂದಿರಗಳನ್ನು ವಾರಗಟ್ಟಲೆ ಮುಚ್ಚಿಸಿದ್ದರು. ಕಾಯಿಲೆ ಹೋದ ಮೇಲೆ ಜನ ವಾಪಸ್ ಬಂದರು. 1920ರ ದಶಕದಲ್ಲಿ ಅರಮನೆಯಂಥ ಚಿತ್ರಮಂದಿರಗಳು ಎದ್ದವು. ಆದರೆ ಸಣ್ಣ ಮಾಲೀಕರು ಎಷ್ಟೋ ಮಂದಿ ಮತ್ತೆ ಬಾಗಿಲು ತೆಗೆಯಲೇ ಇಲ್ಲ, ದೊಡ್ಡವರು ಕೊಂಡುಕೊಂಡರು. ನಮ್ಮಲ್ಲೂ ಹಾಗೇ ಆಗಬಹುದು ಅಂತ ನನಗೆ ಅನಿಸುತ್ತದೆ. ಶಿವಮೊಗ್ಗದಲ್ಲಿ ಸಿನಿಮಾ ಉಳಿಯುತ್ತದೆ. ನನಗೆ ಚಿಂತೆ ಇರುವುದು ತಾಲ್ಲೂಕು ಊರುಗಳದ್ದು.

ದಾರಿ ಇಲ್ಲ ಅಂತಲ್ಲ. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ರಂಗಕರ್ಮಿ ಕೆ.ವಿ. ಸುಬ್ಬಣ್ಣ ಮತ್ತು ಗೆಳೆಯರು 1973ರಲ್ಲಿ ನೀನಾಸಂ ಚಿತ್ರಸಮಾಜ ಅನ್ನೋ ಸಿನಿಮಾ ಕೂಟ ಶುರು ಮಾಡಿದರು. ಅಡಿಕೆ ತೋಟದ ನಡುವಿನ ಆ ಹಳ್ಳಿಯಲ್ಲಿ ಜಗತ್ತಿನ ಒಳ್ಳೆಯ ಸಿನಿಮಾಗಳನ್ನು ತರಿಸಿ ತೋರಿಸಿದರು. ಅರ್ಥವಾಗಲ್ಲ ಅಂತ ಯಾರನ್ನೂ ಹೊರಗಿಡಲಿಲ್ಲ. ತಾಲ್ಲೂಕಿಗೊಂದು ನೂರು ಸೀಟಿನ ಚೊಕ್ಕ ಹಾಲು, ವಾರಕ್ಕೆರಡು ಮ್ಯಾಟ್ನಿ, ಹೆಂಗಸರಿಗೆ ಚಿಲಕ ಇರುವ ಶೌಚಾಲಯ, ಐದೂವರೆಗೆ ಹೊರಡುವ ಒಂದು ಬಸ್ಸು. ಇಷ್ಟು ಇದ್ದರೆ ಜನ ಬರುತ್ತಾರೆ ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ. ಪಂಚಾಯ್ತಿಯೋ ಸೊಸೈಟಿಯೋ ನಡೆಸಿದರೂ ಸರಿ.

ಈಗ ನಿಮ್ಮ ಪ್ರಯಾಣ. ಹಬ್ಬ ಕಳೆದ ಮೇಲೆ ಒಂದು ಮಂಗಳವಾರವೋ ಬುಧವಾರವೋ ಮ್ಯಾಟ್ನಿಗೆ ಹೋಗಿ. ಅಷ್ಟು ಹೊತ್ತಿಗೆ ನೂಕುನುಗ್ಗಲು ಇಳಿದಿರುತ್ತದೆ. ಅದಕ್ಕೆ ಮುಂಚೆ ಅತ್ತೆಯ ಶುಗರ್ ಹಿಡಿತದಲ್ಲಿದೆಯಾ ಅಂತ ಡಾಕ್ಟರನ್ನು ಒಂದು ಮಾತು ಕೇಳಿ. ನನ್ನ ಪ್ರಕಾರ ಟಾಕೀಸಿಗಿಂತ ಬಸ್ಸೇ ಜಾಸ್ತಿ ಅಪಾಯ. ಅರವತ್ತು ಕಿಲೋಮೀಟರ್, ಮಳೆ ಬಂದರೆ ಕಿಟಕಿಯೆಲ್ಲ ಮುಚ್ಚಿಬಿಡುತ್ತಾರೆ. ಅತ್ತೆಗೆ ಕಿಟಕಿ ಪಕ್ಕದ ಸೀಟು ಹಿಡಿಯಿರಿ, ಸ್ವಲ್ಪವಾದರೂ ತೆಗೆದಿಡಿ, ಮಾಸ್ಕ್ ಅಲ್ಲಿಯೂ ಬೇಕು. ತಿನ್ನುವುದನ್ನು ಇಂಟರ್‌ವಲ್‌ನಲ್ಲಿ ಹೊರಗೆ, ಬಯಲಿನಲ್ಲಿ ತಿಂದು ಒಳಗೆ ಬನ್ನಿ. ಮಗನನ್ನೂ ಕರೆದುಕೊಂಡು ಹೋಗಿ, ಅಜ್ಜಿಯ ಪಕ್ಕದಲ್ಲೇ ಕೂರಿಸಿ.

ಬಂದ ಮೇಲೆ ನಮಗೊಂದು ಪತ್ರ ಹಾಕಿ. ಅತ್ತೆ ಏನಂದರು, ಟಾಕೀಸಿನಲ್ಲಿ ಎಷ್ಟು ಹೆಂಗಸರಿದ್ದರು, ಅವರ ಶೌಚಾಲಯ ಹೇಗಿತ್ತು, ವಾಪಸ್ ಬಸ್ಸು ಎಷ್ಟು ಹೊತ್ತಿಗೆ ಸಿಕ್ಕಿತು, ಎಲ್ಲ ಬರೆಯಿರಿ. ಮುಂದಿನ ಸಂಚಿಕೆಯಲ್ಲಿ ಅದಕ್ಕೆ ಒಂದು ಪೂರ್ತಿ ಪುಟ ಬಿಟ್ಟಿರುತ್ತೇನೆ.