ಅಫ್ಘಾನಿಸ್ತಾನದ ಅಬ್ದಾಲಿ, ದುರಾನಿ ಒಂದೇ ಬುಡಕಟ್ಟೇ? ಅವರ ರಾಜಮನೆತನ ಅಧಿಕಾರ ಕಳೆದುಕೊಂಡದ್ದು ಹೇಗೆ?

ಹೌದು, ಒಂದೇ. 1747ರಲ್ಲಿ ಕಂದಹಾರದಲ್ಲಿ ಪಟ್ಟಕ್ಕೆ ಬಂದ ಅಹ್ಮದ್ ಶಾ ‘ದುರ್-ಎ-ದುರಾನ್’, ಅಂದರೆ ಮುತ್ತುಗಳ ಮುತ್ತು, ಎಂಬ ಬಿರುದು ಧರಿಸಿದ. ಆಮೇಲೆ ಇಡೀ ಅಬ್ದಾಲಿ ಬುಡಕಟ್ಟಿಗೆ ದುರಾನಿ ಎಂಬ ಹೆಸರೇ ನಿಂತಿತು. 1761ರ ಪಾಣಿಪತ್ ಯುದ್ಧದ ಅಬ್ದಾಲಿ ಇವನೇ. ಮನೆತನ ಸದೋಜೈ, ಪೋಪಲ್‌ಜೈ ಕುಲದ ಒಂದು ಕವಲು (‘ಜೈ’ ಅಂದರೆ ಸಂತಾನ).

ಹಿರಿಯ ಮಗನಿಗೇ ಪಟ್ಟ ಎಂಬ ಕಟ್ಟಳೆ ಇರಲಿಲ್ಲ, ಕೆಟ್ಟದ್ದು ಅಲ್ಲೇ. 1793ರಲ್ಲಿ ಅಹ್ಮದ್ ಶಾನ ಮಗ ತೈಮೂರ್ ಶಾ ತೀರಿಕೊಂಡಾಗ ಇಪ್ಪತ್ತಕ್ಕೂ ಹೆಚ್ಚು ಗಂಡುಮಕ್ಕಳು. ಅವರಲ್ಲಿ ಗೆದ್ದ ಜಮಾನ್ ಶಾ, ತನ್ನನ್ನು ಗದ್ದುಗೆಗೇರಿಸಿದ್ದ ಬಾರಕ್‌ಜೈ (ದುರಾನಿಗಳದೇ ಇನ್ನೊಂದು ಕುಲ) ಮುಖಂಡ ಪಾಯಿಂದಾ ಖಾನನನ್ನೇ ಕೊಲ್ಲಿಸಿದ. ಇದಕ್ಕಿಂತ ದೊಡ್ಡ ತಪ್ಪಿಲ್ಲ. ಪಾಯಿಂದಾನ ಮಗ ಫತೇ ಖಾನ್, ಜಮಾನನ ಮಲಸಹೋದರ ಮಹಮೂದನ ಪಕ್ಷ ಹಿಡಿದ. ಜಮಾನ್ ಪಟ್ಟವನ್ನೂ ಕಣ್ಣನ್ನೂ ಕಳೆದುಕೊಂಡ. 1818ರಲ್ಲಿ ಸದೋಜೈಗಳು ಫತೇ ಖಾನನನ್ನೂ ಕುರುಡಾಗಿಸಿ ಕೊಂದರು. ಅವನ ತಮ್ಮ ದೋಸ್ತ್ ಮಹಮ್ಮದ್ 1826ರಲ್ಲಿ ಕಾಬೂಲ್ ಹಿಡಿದ; ಅಧಿಕಾರ ಬಾರಕ್‌ಜೈಗಳ ಪಾಲಾಯಿತು.