ಗಾಲ್ಫ್ ಮೈದಾನಕ್ಕೆ ಏರು-ತಗ್ಗಿನ ನೆಲವೇ ಯಾಕೆ? ನವಲಗುಂದದ ಸಪಾಟು ಎರೆ ಹೊಲದಲ್ಲಿ ಮಾಡೋಕೆ ಆಗಲ್ವಾ?

ಆಗುತ್ತದೆ, ಆದರೆ ಖರ್ಚು ಜಾಸ್ತಿ. ಮುಖ್ಯ ಕಾರಣ ನೋಟವಲ್ಲ, ನೀರು. ಮಳೆ ನಿಂತ ಸ್ವಲ್ಪ ಹೊತ್ತಿಗೇ ನೆಲ ಗಟ್ಟಿಯಾಗಬೇಕು, ಇಲ್ಲದಿದ್ದರೆ ಚೆಂಡು ಉರುಳುವುದಿಲ್ಲ. ಇಳಿಜಾರು ಇದ್ದರೆ ನೀರು ತಾನಾಗಿಯೇ ತಗ್ಗಿಗೆ ಹರಿಯುತ್ತದೆ, ಅಲ್ಲೊಂದು ಹೊಂಡ ಮಾಡಿಬಿಟ್ಟರೆ ಅದೇ ನೀರನ್ನು ಬೇಸಿಗೆಯಲ್ಲಿ ಹುಲ್ಲಿಗೆ ಬಿಡಬಹುದು, ಆಟಗಾರರಿಗೆ ದಾಟಬೇಕಾದ ಒಂದು ಅಡ್ಡಿಯೂ ಸಿಕ್ಕಿತು.

ಎರೆ ಮಣ್ಣಿನ ಗುಣ ನಿಮಗೆ ಗೊತ್ತೇ ಇದೆ. ಅದರಲ್ಲಿರುವ ಜೇಡಿ ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರುಕು ಬಿಡುತ್ತದೆ. ಹತ್ತಿಗೆ, ಕಡಲೆಗೆ ಅದು ಬಂಗಾರ. ಆದರೆ ಗ್ರೀನ್‌ಗೆ, ಅಂದರೆ ಚೆಂಡು ಬೀಳಿಸಬೇಕಾದ ಕುಳಿಯ ಸುತ್ತ ಹುಲ್ಲನ್ನು ಕೆಲವೇ ಮಿಲಿಮೀಟರ್ ಎತ್ತರಕ್ಕೆ ಕತ್ತರಿಸಿದ ಜಾಗಕ್ಕೆ, ಅದು ಸುತರಾಂ ಹೊಂದಲ್ಲ. ಕುಳಿ 108 ಮಿಲಿಮೀಟರ್ ಅಗಲ, ಚೆಂಡು ಸುಮಾರು 43. ಏಪ್ರಿಲ್ ತಿಂಗಳ ಎರೆ ಬಿರುಕಿಗೆ ಚೆಂಡು ಬಿದ್ದರೆ ಕುಳಿ ಯಾವುದು ಅಂತ ಕೇಳಬೇಕಾಗುತ್ತದೆ!

ಅದಕ್ಕೇ ಇಂಥ ಕಡೆ ಗ್ರೀನ್ ಮಾಡುವಾಗ ಮಣ್ಣು ತೆಗೆದು, ತಳದಲ್ಲಿ ನೀರು ಹೋಗಲು ಪೈಪು, ಮೇಲೆ ಸುಮಾರು 10 ಸೆಂಟಿಮೀಟರ್ ಜಲ್ಲಿ, ಅದರ ಮೇಲೆ 30 ಸೆಂಟಿಮೀಟರ್ ಮರಳು ಹಾಕುತ್ತಾರೆ. ಇಡೀ ಮೈದಾನಕ್ಕೆ ಹೀಗೆ ಮಾಡೋಕಾಗಲ್ಲ, ಅಲ್ವಾ? ಉಳಿದ ಕಡೆ ನೀರು ಹರಿಯಲು ದಿಬ್ಬಗಳನ್ನೂ ಕಟ್ಟಬೇಕು.

ಆಟ ಬೆಳೆದದ್ದೇ ಸ್ಕಾಟ್ಲೆಂಡಿನ ಸಮುದ್ರ ದಂಡೆಯ ಮರಳು ದಿಬ್ಬಗಳ ಮೇಲೆ, ಅಲ್ಲಿ ಇಳಿಜಾರೂ ಮರಳೂ ಪುಕ್ಕಟೆ. ನಮ್ಮಲ್ಲಿ ಜಾಗ ಹುಡುಕುವುದಾದರೆ ಧಾರವಾಡದಿಂದ ಕಲಘಟಗಿ ಕಡೆಗಿನ ಕೆಂಪು ಮಣ್ಣಿನ ದಿಬ್ಬಗಳೇ ವಾಸಿ.